ಅವ ರೊಕ್ಕಕ್ಕ ಹೋದ, ಬಾಲ್ ಬದ್ಲಿ ಆತು!

2024ರ ಬೇಸಿಗೆ. ಬೆಂಗಳೂರಿಂದ ನಾಲ್ಕು ದಿನ ರಜೆ ಹಾಕಿ ಮುದನಾಳಕ್ಕೆ ಹೋಗಿದ್ದೆ. ಯಾದಗಿರಿ ಕಡೆಯ ಬಿಸಿಲು ಗೊತ್ತಲ್ಲ, ಬೆಳಿಗ್ಗೆ ಹನ್ನೊಂದಕ್ಕೇ ಕಣ್ಣು ಬಿಡೋದು ಕಷ್ಟ. ಅಂಥಾ ಬಿಸಿಲಲ್ಲಿ ಊರ ಹೊರಗೆ, ತೊಗರಿ ಕೊಯ್ದು ಖಾಲಿ ಬಿದ್ದ ಹೊಲದಲ್ಲಿ ಟೆನ್ನಿಸ್ ಬಾಲ್ ಟೂರ್ನಮೆಂಟಿನ ಫೈನಲ್. ಒಂದು ಕಡೆ ನಮ್ಮೂರ ಹುಡುಗರು, ಇನ್ನೊಂದು ಕಡೆ ಪೇಟೆಯ ಟೀಮು. ಆ ಪೇಟೆ ಟೀಮಿನಲ್ಲಿ ನಮ್ಮ ಕಾಕಾನ ಮಗ!

ಎಡಗೈ ಬೌಲರ್ ಅವನು. ಡಿಗ್ರಿ ಮುಗಿಸಿ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಪೇಟೆಯವರು ಎರಡು ಸಾವಿರ ಕೊಡ್ತೀವಿ ಅಂದರು, ಹೋದ. ನಮ್ಮೂರ ಟೀಮು ಅವನಿಗೆ ಒಂದು ರೂಪಾಯಿ ಕೊಟ್ಟಿದ್ದಿಲ್ಲ, ಬದಲಿಗೆ ಪ್ರತಿ ಟೂರ್ನಮೆಂಟಿಗೂ ಎಂಟ್ರಿ ಫೀ ಅಂತ ಅವನಿಂದಲೇ ಇನ್ನೂರು ಇಸಿದುಕೊಳ್ಳುತ್ತಿತ್ತು. ಕೊನೆಯ ಓವರಿಗೆ ನಮಗೆ ಒಂಬತ್ತು ರನ್ ಬೇಕು. ಅವನು ಮೂರು ಕೊಟ್ಟು ಎರಡು ವಿಕೆಟ್ ತೆಗೆದ. ನಾವು ಸೋತ್ವಿ.

ಅಷ್ಟರಲ್ಲಿ ಯಾರೋ ಕೂಗಿದರು, "ಬಾಲ್ ಬದ್ಲಿ ಮಾಡ್ಯಾರಲೇ!" ಖರೇನೇ, ಆರನೇ ಓವರಿನಲ್ಲಿ ಬಾಲು ಹರಿದಿತ್ತು, ಅಂಪೈರ್ ಬೇರೆಯದು ಕೊಟ್ಟಿದ್ದರು. ಹೊಸದು ಹೆಚ್ಚು ಪುಟಿಯುತ್ತಿತ್ತು. ನಾನು ಮೊಬೈಲಿನಲ್ಲಿ ವಿಡಿಯೊ ಮಾಡಿದ್ದೆನಲ್ಲ, ಅದನ್ನು ಊರಿನ ಗ್ರೂಪಿಗೆ ಹಾಕಿದೆ. ಕೆಳಗೆ ಬರೆದೆ: "ನೋಡ್ರಿ, ಬಾಲ್ ಹೆಂಗ ಬದಲಾತು, ಆಮ್ಯಾಲ ಯಾರು ಬೌಲಿಂಗ್ ಮಾಡಿದ್ರು." ಸಾಫ್ಟ್‌ವೇರ್ ಇಂಜಿನಿಯರ್ ಅಲ್ಲವೇ, ಸಾಕ್ಷಿ ಇಟ್ಟು ಮಾತಾಡೋದು ನನ್ನ ಚಟ.

ಆ ಸಂಜೆ ಒಬ್ಬ ಅವನ ಕಪಾಳಕ್ಕೆ ಹೊಡೆದ. ಇಬ್ಬರು ಹಿರಿಯರು ಕಾಕಾನ ಮನೆ ಕಟ್ಟೆಗೆ ಬಂದು "ನಿಮ್ ಹುಡುಗ ಊರು ಮಾರ್ಯಾನ ನೋಡ್ರಿ" ಅಂದು ಹೋದರು. ಕಾಕಾ ಊಟ ಮಾಡಲಿಲ್ಲ.

ಮರುದಿನ ಚಹಾ ಅಂಗಡಿಯಲ್ಲಿ ಗೊತ್ತಾಯಿತು. ಮೊದಲ ಇನ್ನಿಂಗ್ಸಿನಲ್ಲಿ ನಾವು ಬೌಲಿಂಗ್ ಮಾಡುವಾಗ ನಮ್ಮ ಕ್ಯಾಪ್ಟನ್ನೇ ಓವರ್ ಓವರಿಗೂ ಬಾಲನ್ನು ನೀರಿನ ಬಕೆಟ್ಟಿಗೆ ಅದ್ದುತ್ತಿದ್ದ. ಒದ್ದೆ ಟೆನ್ನಿಸ್ ಬಾಲು ಭಾರ ಆಗ್ತದೆ, ಎಷ್ಟು ಜೋರಾಗಿ ಹೊಡೆದರೂ ದೂರ ಹೋಗಲ್ಲ. ಎರಡೂ ಇನ್ನಿಂಗ್ಸಿಗೆ ಅದೇ ಬಾಲು. ನೆನೆದು ನೆನೆದು ಸಡಿಲಾಗಿ ಕಡೆಗೆ ಹರಿದದ್ದು. ಕ್ಯಾಪ್ಟನ್ ಇದನ್ನು ನಗುತ್ತಾ ಹೇಳಿದ, ಎಲ್ಲರೂ ನಕ್ಕರು, ನಾನೂ ನಕ್ಕೆ. ಯಾರೂ ಕಾಕಾನ ಮನೆಗೆ ಹೋಗಿ ತಪ್ಪಾಯ್ತು ಅನ್ನಲಿಲ್ಲ. ನಾನು ವಿಡಿಯೊ ಅಳಿಸಲೂ ಇಲ್ಲ.

ಬೆಂಗಳೂರಿಗೆ ಹೊರಡುವ ಮುಂಚೆ ತಮ್ಮನ ಹತ್ತಿರ ದೊಡ್ಡವನ ಹಾಗೆ ಹೇಳಿದೆ, "ಏನೇ ಆಗ್ಲಿ, ಊರಿಗೆ ಆಡಬೇಕಿತ್ತು ನೀನು." ಅವನು ಸಿಟ್ಟಾಗಲಿಲ್ಲ. "ಅಣ್ಣಾ, ನೀ ಹೋದ ವರ್ಷ ಕಂಪನಿ ಬದ್ಲಿ ಮಾಡ್ದಿ. ಜಾಸ್ತಿ ರೊಕ್ಕ ಕೊಡ್ತಾರಂತ ಹೋದಿ. ಆವಾಗ ನಮ್ಮಪ್ಪ ಊರೆಲ್ಲಾ ಪೇಢಾ ಹಂಚ್ಯಾನ. ನಾ ಎರಡ್ ಸಾವಿರಕ್ಕ ಹೋದ್ರ ಊರು ಮಾರಿದಂಗ ಹೆಂಗಾತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಆದರೆ ಆ ಪ್ರಶ್ನೆ ನನಗೊಬ್ಬನಿಗೇ ಅಲ್ಲ, ಕ್ರಿಕೆಟ್ ಅಭಿಮಾನಿ ಅಂತ ಎದೆ ತಟ್ಟಿಕೊಳ್ಳುವ ನಮ್ಮೆಲ್ಲರಿಗೂ. ಅದಕ್ಕೇ ಇದನ್ನು ಬರೀತಿದ್ದೀನಿ, ಬೇಜಾರು ಮಾಡಿಕೊಳ್ಳಬೇಡಿ.

ನೋಡಿ, ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಐಪಿಎಲ್ ಹರಾಜಿನ ದಿನ ಕೆಲಸ ನಡೆಯಲ್ಲ. ಯಾರ ಪರ್ಸಿನಲ್ಲಿ ಎಷ್ಟು ಉಳಿದಿದೆ, ಯಾರಿಗೆ ಎಷ್ಟು ಕೊಟ್ಟದ್ದು ದಂಡ, ಎಲ್ಲಾ ಬಾಯಿಪಾಠ. 2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ರಿಷಭ್ ಪಂತ್ 27 ಕೋಟಿಗೆ ಹೋದಾಗ ಚಪ್ಪಾಳೆ ತಟ್ಟಿದವರೇ, ಕೆ.ಎಲ್. ರಾಹುಲ್ 14 ಕೋಟಿಗೆ ಡೆಲ್ಲಿಗೆ ಹೋದಾಗ "ನಮ್ಮವನು ನಮಗೆ ಬರಲಿಲ್ಲ" ಅಂದರು. ಸ್ವಾಮಿ, ಹರಾಜಿನಲ್ಲಿ ಆಟಗಾರ ಎಲ್ಲಿಗೆ ಹೋಗಬೇಕು ಅಂತ ಅವನನ್ನು ಕೇಳೋದೇ ಇಲ್ಲ. ಅವನು ತನ್ನ ಮೂಲ ಬೆಲೆ ಬರೆದು ಕೊಡ್ತಾನೆ, ಅಷ್ಟೇ. ಸುತ್ತಿಗೆ ಬಿದ್ದ ಊರೇ ಅವನ ಊರು. ಹೋಗಲ್ಲ ಅಂದರೆ ಏನಾಗ್ತದೆ? ಇಂಗ್ಲೆಂಡಿನ ಹ್ಯಾರಿ ಬ್ರೂಕ್ 2025ರಲ್ಲಿ ಹಾಗಂದರು, ಎರಡು ವರ್ಷ ಐಪಿಎಲ್‌ನಿಂದಲೇ ಹೊರಗೆ.

ಏಪ್ರಿಲ್ 10, 2025ರಂದು ಅದೇ ರಾಹುಲ್ ಚಿನ್ನಸ್ವಾಮಿಯಲ್ಲಿ ಔಟಾಗದೆ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ಸುತ್ತು ಹಾಕಿ ಇದು ನನ್ನ ಜಾಗ ಅಂತ ತೋರಿಸಿದರು. ಅವತ್ತು ನಮ್ಮ ಹುಡುಗರಿಗೆ ಎಷ್ಟು ಉರಿಯಿತು! ಕೆಲವರಂತೂ ದ್ರೋಹಿ ಅಂದೇಬಿಟ್ಟರು. ಅದೇ ವರ್ಷ ಜೂನ್ 3ಕ್ಕೆ ಆರ್‌ಸಿಬಿ ಕಪ್ ಗೆದ್ದಿತಲ್ಲ, ಆ ಫೈನಲ್ಲಿನ ಹನ್ನೊಂದು ಜನರಲ್ಲಿ ಕರ್ನಾಟಕದ ಆಟಗಾರ ಒಬ್ಬರೇ, ಮಯಂಕ್ ಅಗರ್ವಾಲ್. ಅವರೂ ಗಾಯಗೊಂಡ ದೇವದತ್ತ ಪಡಿಕ್ಕಲ್ ಬದಲಿಗೆ ನಡುವೆ ಬಂದವರು. ಉಳಿದ ಹತ್ತು ಜನ ಬೇರೆ ಊರುಗಳಿಂದ ದುಡ್ಡಿಗೆ ಬಂದವರೇ, ನಾವು ಅವರನ್ನು ತಲೆ ಮೇಲೆ ಹೊತ್ತು ಕುಣಿದೆವು. ಕುಣಿದದ್ದು ತಪ್ಪಲ್ಲ. ಇಂದೋರಿನ ಹುಡುಗ ದುಡ್ಡಿಗೆ ನಮ್ಮಲ್ಲಿಗೆ ಬಂದರೆ ಕ್ಯಾಪ್ಟನ್, ನಮ್ಮ ಹುಡುಗ ದುಡ್ಡಿಗೆ ಆಚೆ ಹೋದರೆ ದ್ರೋಹಿ, ಈ ಲೆಕ್ಕ ಮಾತ್ರ ನನಗೆ ಅರ್ಥ ಆಗಲ್ಲ.

ಹಳೆಯದೊಂದು ನೆನಪಿಸುತ್ತೇನೆ. 2009ರಲ್ಲಿ ಸೆಂಚುರಿಯನ್ನಿನಲ್ಲಿ ಮನೀಷ್ ಪಾಂಡೆ ಆರ್‌ಸಿಬಿ ಪರ ಔಟಾಗದೆ 114 ಹೊಡೆದರು. ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ, ವಯಸ್ಸು ಹತ್ತೊಂಬತ್ತು. ಆಗ ಭಾರತ ತಂಡಕ್ಕೆ ಆಡದ ಹುಡುಗರಿಗೆ ಹರಾಜೂ ಇರಲಿಲ್ಲ. ಎಷ್ಟು ವರ್ಷ ಆಡಿದ್ದಾನೆ ನೋಡಿ ಹತ್ತು, ಇಪ್ಪತ್ತು, ಮೂವತ್ತು ಲಕ್ಷ ಅಂತ ನಿಗದಿ. 2011ರಲ್ಲಿ ಮನೀಷ್ ಅದಕ್ಕಿಂತ ಹೆಚ್ಚಿಗೆ ಚೌಕಾಸಿ ಮಾಡಿದರು ಅನ್ನುವ ಆರೋಪದ ಮೇಲೆ ನಾಲ್ಕು ಪಂದ್ಯ ಹೊರಗೆ ಕೂರಿಸಿದರು. ಅದಕ್ಕೂ ಮುಂಚೆ 2010ರಲ್ಲಿ ರವೀಂದ್ರ ಜಡೇಜ ಬೇರೆ ತಂಡದ ಜೊತೆ ತಾವೇ ಮಾತಾಡಿದರು ಅಂತ ಒಂದು ಇಡೀ ಸೀಸನ್ ನಿಷೇಧ. ಅದೇ ಜಡೇಜರನ್ನು 2025ರ ನವೆಂಬರಿನಲ್ಲಿ ಚೆನ್ನೈನವರು ರಾಜಸ್ಥಾನಕ್ಕೆ ಕೊಟ್ಟು ಸಂಜು ಸ್ಯಾಮ್ಸನ್‌ರನ್ನು ತಂದುಕೊಂಡರು. ಇದಕ್ಕೆ ಟ್ರೇಡ್ ಅಂತ ಹೆಸರು, ಪೂರಾ ಕಾನೂನುಬದ್ಧ. ಮಾಲೀಕರು ಮಾತಾಡಿದರೆ ವ್ಯವಹಾರ. ಆಟಗಾರ ತನ್ನ ಬೆಲೆ ತಾನು ಮಾತಾಡಿದರೆ ಅಪರಾಧ.

ನೀವು ಇಂಟರ್ವ್ಯೂನಲ್ಲಿ "ಎಕ್ಸ್‌ಪೆಕ್ಟೆಡ್ ಸಿಟಿಸಿ" ಅನ್ನುವ ಜಾಗದಲ್ಲಿ ನಂಬರ್ ಬರೀತೀರಲ್ಲ, ಅದಕ್ಕೆ ನಿಮ್ಮನ್ನು ಒಂದು ವರ್ಷ ಮನೆಗೆ ಕಳಿಸಿದರೆ ಹೇಗಿರ್ತದೆ?

ಅಮೆರಿಕದ ಬೇಸ್‌ಬಾಲಿನಲ್ಲೂ ಒಂದು ಕಾಲಕ್ಕೆ ಹೀಗೇ ಇತ್ತು. ಒಂದು ಸಲ ಸಹಿ ಹಾಕಿದ ಆಟಗಾರ ಸಾಯೋತನಕ ಆ ಕ್ಲಬ್ಬಿನ ಆಸ್ತಿ. 1969ರಲ್ಲಿ ಸೇಂಟ್ ಲೂಯಿಸ್ ತಂಡ ತನ್ನ ಆಟಗಾರ ಕರ್ಟ್ ಫ್ಲಡ್‌ನನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟುಬಿಟ್ಟಿತು. ನಾನು ಹೋಗಲ್ಲ, ನಾನೇನು ಕೊಟ್ಟು ತಗೊಳ್ಳೋ ಸಾಮಾನಾ ಅಂತ ಅವನು ಕೋರ್ಟಿಗೆ ಹೋದ. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತ, ಅವನ ಆಟವೂ ಮುಗಿಯಿತು. ಮೂರೇ ವರ್ಷಕ್ಕೆ, 1975ರ ಡಿಸೆಂಬರಿನಲ್ಲಿ, ಇಬ್ಬರು ಬೌಲರುಗಳ ವಿಷಯದಲ್ಲಿ ಬಂದ ಪಂಚಾಯ್ತಿ ತೀರ್ಪು ಆಟಗಾರರನ್ನು ಬಿಡುಗಡೆ ಮಾಡಿತು. ಇವತ್ತು ಅಲ್ಲಿ ಆರು ವರ್ಷ ಆಡಿದವನು ತನಗೆ ಬೇಕಾದ ತಂಡದ ಜೊತೆ ತಾನೇ ಮಾತಾಡಿಕೊಳ್ಳಬಹುದು. ನಮ್ಮಲ್ಲಿ ಹದಿನೆಂಟು ಐಪಿಎಲ್ ಮುಗಿದವು, ಆಟಗಾರನ ಬಾಯಿಗೆ ಇನ್ನೂ ಬೀಗವೇ. 2025ರ ಡಿಸೆಂಬರಿನಲ್ಲಿ ಕ್ಯಾಮರೂನ್ ಗ್ರೀನ್ 25.20 ಕೋಟಿಗೆ ಕೋಲ್ಕತ್ತಾಕ್ಕೆ ಹೋದರು ಅಂತ ನಾವು ಬಾಯಿ ಮೇಲೆ ಬೆರಳಿಟ್ಟುಕೊಂಡೆವು. ವಿದೇಶಿ ಆಟಗಾರನಿಗೆ ಮಿನಿ ಹರಾಜಿನಲ್ಲಿ 18 ಕೋಟಿಯ ಮಿತಿ ಇದೆ, ಉಳಿದದ್ದು ಅವರಿಗೆ ಸಿಗಲ್ಲ, ಮಂಡಳಿಗೆ ಹೋಗ್ತದೆ ಅನ್ನೋದು ಎಷ್ಟು ಜನ ಮಾತಾಡಿದಿರಿ?

ರಾಜ್ಯ ತಂಡಗಳ ಕಥೆಗೆ ಬನ್ನಿ. ಅಲ್ಲಿ ಆಟಗಾರ ಎನ್‌ಒಸಿ ತೆಗೆದುಕೊಂಡು ಬೇರೆ ರಾಜ್ಯಕ್ಕೆ ಹೋಗಬಹುದು. ಕರುಣ್ ನಾಯರ್ ಹೋದರು. 2016ರಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ಮೇಲೆ ಔಟಾಗದೆ 303 ಹೊಡೆದವರಿಗೆ ಮುಂದೆ ಕರ್ನಾಟಕದ ತಂಡದಲ್ಲೇ ಜಾಗ ಇಲ್ಲದಂತಾಯಿತು. ವಿದರ್ಭಕ್ಕೆ ಹೋದರು. 2024-25ರ ವಿಜಯ್ ಹಜಾರೆಯಲ್ಲಿ ಐದು ಶತಕ, 779 ರನ್. ರಣಜಿಯಲ್ಲಿ 863 ರನ್, ಫೈನಲ್ಲಿನಲ್ಲಿ ಶತಕ, ವಿದರ್ಭ ಚಾಂಪಿಯನ್. ಮತ್ತೆ ಭಾರತ ತಂಡಕ್ಕೆ ಬಂದರು. ಆಮೇಲೆ ಕರ್ನಾಟಕಕ್ಕೇ ವಾಪಸು ಬಂದರು. ಹೋಗುವಾಗ "ಹೋಗ್ಲಿ ಬಿಡು, ಮುಗೀತು ಅವನದು" ಅಂದವರು ನಾವೇ, ಹೊಡೆಯಲು ಶುರು ಮಾಡಿದಾಗ "ನಮ್ಮ ಕರುಣ್" ಅಂದವರೂ ನಾವೇ. ಹೋಗುವ ಹಕ್ಕು ಇದ್ದದ್ದರಿಂದ ಆ ಮನುಷ್ಯನ ಆಟ ಉಳಿಯಿತು. ನಮ್ಮ ಅಭಿಮಾನದಿಂದ ಉಳಿಯಲಿಲ್ಲ.

ಇನ್ನು ಬಾಲಿನ ವಿಷಯ.

2023ರ ವಿಶ್ವಕಪ್ಪಿನಲ್ಲಿ ವಾಂಖೆಡೆಯಲ್ಲಿ ಶ್ರೀಲಂಕಾ 55ಕ್ಕೆ ಮುದುರಿತು. ಶಮಿಗೆ ಐದು ವಿಕೆಟ್. ಪಾಕಿಸ್ತಾನದ ಒಬ್ಬ ಮಾಜಿ ಆಟಗಾರ ಟಿವಿಯಲ್ಲಿ ಕೂತು, ಭಾರತದವರಿಗೆ ಬೇರೆ ಬಾಲು ಕೊಡುತ್ತಾರೆ, ತನಿಖೆ ಆಗಲಿ ಅಂದರು. ನಾವೆಲ್ಲ ನಕ್ಕೆವು, ಮೀಮ್ ಮಾಡಿದೆವು. ಸರಿಯೇ, ನಗುವ ಮಾತೇ ಅದು. ವಾಸಿಂ ಅಕ್ರಂ ತಮ್ಮ ದೇಶದವರನ್ನೇ ತರಾಟೆಗೆ ತೆಗೆದುಕೊಂಡು, ಬಾಲು ಅಂಪೈರ್‌ಗಳ ಎದುರಿಗೇ ಆರಿಸುವುದು ಮಾರಾಯರೇ, ನಮ್ಮ ಮರ್ಯಾದೆ ಕಳೀಬೇಡಿ ಅನ್ನೋ ಅರ್ಥದಲ್ಲಿ ಮಾತಾಡಿದರು.

ಈಗ 2025ರ ಜುಲೈ, ಲಾರ್ಡ್ಸ್. ಎರಡನೇ ಹೊಸ ಬಾಲಿನಲ್ಲಿ ಬುಮ್ರಾ ಇಂಗ್ಲೆಂಡಿನವರನ್ನು ನಡುಗಿಸುತ್ತಿದ್ದರು. ಹತ್ತು ಓವರ್ ಚಿಲ್ಲರೆ ಆಗಿತ್ತು ಅಷ್ಟೇ, ಬಾಲು ಆಕಾರ ಕಳೆದುಕೊಂಡಿದೆ ಅಂತ ಬದಲಾಯಿತು. ಬದಲಿಗೆ ಬಂದದ್ದು ಹಳೆಯದರ ಹಾಗೆ ಕಾಣುತ್ತಿತ್ತು. ಗಿಲ್ ವಾದಕ್ಕೆ ನಿಂತರು. ಆ ಪಂದ್ಯ ನಾವು 22 ರನ್ನಿಗೆ ಸೋತೆವು. ಅವತ್ತು ನಮ್ಮ ಕ್ಯಾಂಟೀನಿನಲ್ಲಿ ಕೇಳಿದ ಮಾತು ಏನು ಗೊತ್ತಾ? "ಬೇಕಂತಲೇ ಮಾಡಿದ್ದು ಗುರು, ಬಿಳಿಯರ ಆಟ." ಎರಡು ವರ್ಷದ ಹಿಂದೆ ಟಿವಿಯಲ್ಲಿ ಕೂತ ಆ ಮಾಜಿ ಆಟಗಾರನಿಗೂ ನಮಗೂ ವ್ಯತ್ಯಾಸ ಎಲ್ಲಿ?

ಬಾಲು ಬದಲಾಯಿಸಲು ಅಂಪೈರ್ ಹತ್ತಿರ ಒಂದು ಗೇಜ್ ಇರ್ತದೆ. ಎರಡು ಬಳೆ. ಒಂದರಲ್ಲಿ ಬಾಲು ತೂರಬೇಕು, ಇನ್ನೊಂದರಲ್ಲಿ ತೂರಬಾರದು. ಹೆಚ್ಚುಕಮ್ಮಿಯಾದರೆ ಬದಲಿ. ತೂಕ ಹೊಸದರಲ್ಲಿ 155.9ರಿಂದ 163 ಗ್ರಾಂ. 2025ರಿಂದ ಐಪಿಎಲ್‌ನ ರಾತ್ರಿ ಪಂದ್ಯಗಳಲ್ಲಿ ಇಬ್ಬನಿಯ ಕಾರಣಕ್ಕೆ ಎರಡನೇ ಇನ್ನಿಂಗ್ಸಿನ ಹತ್ತು ಓವರ್ ಆದಮೇಲೆ ಬೌಲಿಂಗ್ ತಂಡ ಒಂದು ಸಲ ಬಾಲು ಬದಲಿಸಿ ಅಂತ ಕೇಳಬಹುದು. ಕೋವಿಡ್ ಕಾಲದಲ್ಲಿ ನಿಂತಿದ್ದ ಎಂಜಲು ಹಚ್ಚುವುದನ್ನೂ ಐಪಿಎಲ್ ಅದೇ ವರ್ಷ ಮತ್ತೆ ಬಿಟ್ಟಿತು. ಇವೆಲ್ಲ ಬರೆದಿಟ್ಟ ನಿಯಮ, ಓದಲು ಐದು ನಿಮಿಷ ಸಾಕು. ಆದರೆ ಪ್ರತಿ ಸೀಸನ್ನಿನಲ್ಲೂ ಬಾಲು ಬದಲಾದ ತಕ್ಷಣ "ಫಿಕ್ಸಿಂಗ್" ಅಂತ ಶುರು ಮಾಡುವವರು ನಿಯಮ ಓದದ ಹಳ್ಳಿ ಹುಡುಗರಲ್ಲ, ದಿನಾ ಟರ್ಮ್ಸ್ ಅಂಡ್ ಕಂಡಿಷನ್ಸ್ ಬರೆಯುವ ನಾವು.

ಬಾಲ್ ಟ್ಯಾಂಪರಿಂಗ್ ಸುಳ್ಳು ಅಂತ ನಾನು ಹೇಳ್ತಿಲ್ಲ. 2018ರಲ್ಲಿ ಕೇಪ್‌ಟೌನಿನಲ್ಲಿ ಉಪ್ಪುಕಾಗದ ಹಿಡಿದುಕೊಂಡು ಸಿಕ್ಕಿಬಿದ್ದರಲ್ಲ. ಸ್ಮಿತ್, ವಾರ್ನರ್ ಒಂದೊಂದು ವರ್ಷ ಹೊರಗೆ, ಬ್ಯಾಂಕ್ರಾಫ್ಟ್ ಒಂಬತ್ತು ತಿಂಗಳು. ನಾವು ಅವರನ್ನು ಇವತ್ತಿಗೂ ಬಿಟ್ಟಿಲ್ಲ. ಸರಿ. ಆದರೆ 2004ರ ಜನವರಿ, ಬ್ರಿಸ್ಬೇನ್, ಜಿಂಬಾಬ್ವೆ ಎದುರಿನ ಪಂದ್ಯ ಎಷ್ಟು ಜನಕ್ಕೆ ನೆನಪಿದೆ? ಬಾಯಲ್ಲಿದ್ದ ಕೆಮ್ಮಿನ ಗುಳಿಗೆ ಬಾಲಿಗೆ ತಾಗಿತು ಅಂತ ಪಂದ್ಯದ ಸಂಭಾವನೆಯ ಅರ್ಧ ದಂಡ ಕಟ್ಟಿದವರು ನಮ್ಮ ರಾಹುಲ್ ದ್ರಾವಿಡ್. ಉಪ್ಪುಕಾಗದಕ್ಕೂ ಗುಳಿಗೆಗೂ ಸಮ ಅಲ್ಲ ಅಂತೀರಿ, ನಾನೂ ಒಪ್ಪುತ್ತೇನೆ. ಉದ್ದೇಶ ನೋಡಬೇಕು ಅಂತೀರಿ, ಅದನ್ನೂ ಒಪ್ಪುತ್ತೇನೆ. ಹಾಗಾದರೆ ಎದುರಾಳಿಯ ವಿಷಯದಲ್ಲೂ ಮೊದಲು ಉದ್ದೇಶ ನೋಡೋಣ. ದ್ರಾವಿಡ್‌ಗೆ ಕೊಟ್ಟ ಅನುಮಾನದ ಲಾಭವನ್ನು ಗುಲ್ಬರ್ಗದ, ರಾಯಚೂರಿನ, ಕರಾಚಿಯ ಒಬ್ಬ ಬೌಲರ್‌ಗೂ ಕೊಡೋಣ. ಕಾಕಾನ ಮಗನಿಗೆ ನಾನು ಅದನ್ನು ಕೊಡಲಿಲ್ಲ.

ಅನುಮಾನ ಪಡಲೇಬೇಕು ಅಂದರೆ, ಪಡೋಕೆ ಜಾಗ ಬೇಕಾದಷ್ಟಿದೆ. 2019ರಲ್ಲಿ ನಮ್ಮದೇ ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ ಬೆಟ್ಟಿಂಗ್, ಫಿಕ್ಸಿಂಗ್ ಅಂತ ಬೆಂಗಳೂರಿನ ಸಿಸಿಬಿ ಪೊಲೀಸರು ತಂಡದ ಮಾಲೀಕರಿಂದ ಹಿಡಿದು ಆಟಗಾರರವರೆಗೆ ಬಂಧಿಸಿದರು. ಲೀಗ್ ಅಲ್ಲಿಗೇ ನಿಂತಿತು. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು ಕೆಲವರ ಮೇಲಿನ ಪ್ರಕರಣ ರದ್ದು ಮಾಡುತ್ತಾ ಹೇಳಿದ್ದರ ಸಾರ ಇದು: ಫಿಕ್ಸಿಂಗ್ ನೋಡುಗನಿಗೆ ಮೋಸ ಅನ್ನಿಸಬಹುದು, ಆದರೆ 420ರ ವಂಚನೆ ಆಗಲ್ಲ. ಟಿಕೆಟ್ಟನ್ನು ಅವನು ತಾನಾಗಿಯೇ ಕೊಂಡದ್ದು. ಶಿಸ್ತು ಕ್ರಮ ಬೇಕಾದರೆ ಮಂಡಳಿ ತೆಗೆದುಕೊಳ್ಳಲಿ. ಅಂದರೆ ಈ ದೇಶದಲ್ಲಿ ಪಂದ್ಯವನ್ನೇ ಮಾರಿದರೂ ನೋಡುಗನಾಗಿ ನಿಮಗೆ ಆದ ಅನ್ಯಾಯಕ್ಕೆ ಹೆಸರಿಲ್ಲ. ಅದಕ್ಕೊಂದು ಕಾನೂನು ಬೇಕು ಅಂತ ನಮ್ಮಲ್ಲಿ ಯಾರಾದರೂ ಒಂದು ಮೇಲ್ ಬರೆದದ್ದು ಇದೆಯಾ? ಅರ್ಧ ಸೆಕೆಂಡಿನ ವಿಡಿಯೊ ನಿಲ್ಲಿಸಿ ಬಾಲಿನ ಬಣ್ಣ ನೋಡುವ ತಾಳ್ಮೆ ಇದೆ, ಇದಕ್ಕಿಲ್ಲ.

ಇನ್ನೊಂದು, ನಮ್ಮ ಕಡೆಯವರಿಗೆ ಮಾತ್ರ ಚುಚ್ಚುವಂಥದ್ದು. ಮಹಾರಾಜ ಟ್ರೋಫಿಯಲ್ಲಿ ಗುಲ್ಬರ್ಗ ಮಿಸ್ಟಿಕ್ಸ್ ಅಂತ ತಂಡ ಇದೆ. 2022ರ ಮೊದಲ ಟ್ರೋಫಿ ಗೆದ್ದವರೇ ಅವರು, ಕ್ಯಾಪ್ಟನ್ ಮನೀಷ್ ಪಾಂಡೆ. 2022ರಿಂದ 2025ರವರೆಗೆ ನಾಲ್ಕು ವರ್ಷ ಟೂರ್ನಿ ನಡೆದದ್ದು ಮೈಸೂರು, ಬೆಂಗಳೂರಿನಲ್ಲಿ. ಹೆಸರಿಗೆ ಗುಲ್ಬರ್ಗ, ಗುಲ್ಬರ್ಗದಲ್ಲಿ ಒಂದು ಪಂದ್ಯವೂ ಇಲ್ಲ. ಮುದನಾಳದ ಹುಡುಗ ತನ್ನ ಭಾಗದ ತಂಡ ನೋಡಬೇಕು ಅಂದರೆ ರಾತ್ರಿಯೆಲ್ಲಾ ರೈಲಿನಲ್ಲಿ ಕೂತು ಬೆಂಗಳೂರಿಗೆ ಬರಬೇಕು. ರಾಯಚೂರಿನ ಮನೋಜ್ ಭಾಂಡಗೆ 30 ಲಕ್ಷಕ್ಕೆ ಆರ್‌ಸಿಬಿ ಸೇರಿದ ಸುದ್ದಿ ನಮ್ಮ ಕ್ಯಾಂಟೀನಿನಲ್ಲಿ ಯಾರೂ ಮಾತಾಡಲಿಲ್ಲ, 27 ಕೋಟಿಯ ಗದ್ದಲದಲ್ಲಿ ಅದು ಕೇಳಿಸಲೇ ಇಲ್ಲ. ಆದರೆ ನಮ್ಮೂರ ಹೊಲದಲ್ಲಿ ಅವತ್ತು ಕೇಳಿಸಿತ್ತು. ನಮ್ಮ ಕಡೆಯಿಂದಲೂ ಒಬ್ಬ ಹೋಗಬಹುದು ಅಂತ.

ಹೋಗಬೇಕು ಅಂದರೆ ಹೋಗಲು ಬಿಡಬೇಕಲ್ಲ. ಹಳ್ಳಿ ಹುಡುಗ ಮೊದಲು ಹೋಗುವುದು ಪಕ್ಕದ ಪೇಟೆಯ ಟೀಮಿಗೆ, ಎರಡು ಸಾವಿರಕ್ಕೆ. ಅಲ್ಲಿಂದ ಲೆದರ್ ಬಾಲಿನ ಕ್ಲಬ್ಬಿಗೆ, ಅಲ್ಲಿಂದ ಜಿಲ್ಲೆಗೆ, ವಲಯಕ್ಕೆ. ಮೊದಲನೇ ಮೆಟ್ಟಿಲಲ್ಲೇ ಕಪಾಳಕ್ಕೆ ಹೊಡೆದು "ಊರು ಮಾರಿದ" ಅಂದರೆ ಎರಡನೇ ಮೆಟ್ಟಿಲು ಯಾರು ಹತ್ತುತ್ತಾರೆ? ಆ ಎರಡು ಸಾವಿರದಲ್ಲಿ ತಮ್ಮ ಒಂದು ಜೊತೆ ಬೌಲಿಂಗ್ ಶೂ ತಗೊಂಡಿದ್ದ. ಹೋದ ದೀಪಾವಳಿಗೆ ಹೋದಾಗ ನೋಡಿದೆ, ಅಟ್ಟದ ಮೇಲೆ ಡಬ್ಬಿಯಲ್ಲೇ ಇದೆ. ಈಗ ಅವನು ಊರಿಗೂ ಆಡಲ್ಲ, ಪೇಟೆಗೂ ಆಡಲ್ಲ.

"ನಿಷ್ಠೆ ಅನ್ನೋದಕ್ಕೆ ಬೆಲೆಯೇ ಇಲ್ಲವಾ?" ಅಂತ ನೀವು ಕೇಳಬಹುದು. ಇದೆ. ಆದರೆ ಅದು ಎರಡೂ ಕಡೆಯಿಂದ ಇರಬೇಕು. ಊರ ಟೀಮು ಅವನಿಗೆ ಶೂ ಕೊಡಿಸಿದ್ದರೆ, ಗಾಯ ಆದಾಗ ದವಾಖಾನೆಗೆ ಕರೆದುಕೊಂಡು ಹೋಗಿದ್ದರೆ, ಆಗ ನಿಷ್ಠೆಯ ಮಾತು. ಫಾರ್ಮ್ ಹೋದ ಮರುದಿನ ಬಿಡುಗಡೆ ಪಟ್ಟಿಗೆ ಹೆಸರು ಬರೆಯುವ ಫ್ರಾಂಚೈಸಿಗೆ ಆಟಗಾರ ಯಾಕೆ ನಿಷ್ಠನಾಗಿರಬೇಕು? ನಿಮ್ಮ ಕಂಪನಿ "ನಾವೆಲ್ಲ ಒಂದೇ ಕುಟುಂಬ" ಅಂದಾಗ ನಗುವ ನೀವು, ಕ್ರಿಕೆಟಿಗನಿಂದ ಅದನ್ನೇ ಯಾಕೆ ಕೇಳುತ್ತೀರಿ?

ನನ್ನ ಬೇಡಿಕೆ ದೊಡ್ಡದೇನಲ್ಲ. ಮುಂದಿನ ಹರಾಜಿನಲ್ಲಿ ನಿಮ್ಮ ಮೆಚ್ಚಿನ ಆಟಗಾರ ಬೇರೆ ಬಣ್ಣ ಹಾಕಿಕೊಂಡರೆ, ನಿಮ್ಮ ಸಹೋದ್ಯೋಗಿ ರಿಸೈನ್ ಮಾಡಿದಾಗ ಹೇಳುವಷ್ಟಾದರೂ ಹೇಳಿ: ಒಳ್ಳೇದಾಗಲಿ. ಬಾಲು ಬದಲಾದರೆ, ಕೂಗುವ ಮುಂಚೆ ನಮ್ಮ ಬಕೆಟ್ಟು ಎಲ್ಲಿದೆ ನೋಡಿ.

ಇದನ್ನು ಬರೆಯುವ ಮೊದಲು ಊರಿನ ಗ್ರೂಪಿನಲ್ಲಿ ಆ ಹಳೆಯ ವಿಡಿಯೊ ಹುಡುಕಿ ತೆಗೆದು, ಅದರ ಕೆಳಗೇ ಬರೆದೆ: "ಅವತ್ತು ನಾ ಹಾಕಿದ್ದು ತಪ್ಪು. ಬಾಲ್ ಹರಿದಿದ್ದು ನಮ್ಮಿಂದ. ತಮ್ಮನದು ಏನೂ ತಪ್ಪಿದ್ದಿಲ್ಲ." ಕ್ಯಾಪ್ಟನ್ ಒಂದು ನಗುವ ಗೊಂಬೆ ಹಾಕಿದ. ಇನ್ನಿಬ್ಬರು ಹೆಬ್ಬೆಟ್ಟು ಒತ್ತಿದರು. ತಮ್ಮನಿಂದ ಏನೂ ಬರಲಿಲ್ಲ. ಆಮೇಲೆ ಪಟ್ಟಿ ನೋಡಿದೆ, ಅವನು ಆ ವಾರವೇ ಗ್ರೂಪು ಬಿಟ್ಟಿದ್ದ. ಇವತ್ತು ಅಂಗಡಿ ಮುಚ್ಚಿದ ಮೇಲೆ ಅವನಿಗೆ ಫೋನ್ ಮಾಡಬೇಕು.